ಟಾರು ಕಾಣದ ರಸ್ತೆಯ ಲೆಕ್ಕ: ಕಿಯಾಂತಿಯ ಬಿಳಿ ದಾರಿಗಳು

ಇವತ್ತಿನ ಎಪಿಸೋಡ್ ಇಟಲಿ ಬಗ್ಗೆ. ಆದ್ರೆ ಅಲ್ಲಿಗೆ ಹೋಗೋಕೆ ಮುಂಚೆ ನನಗೂ ನಮ್ಮಜ್ಜಿಗೂ ಆದ ಒಂದು ಸಣ್ಣ ಜಗಳ ಹೇಳಿಬಿಡ್ತೀನಿ.

ನಮ್ಮಜ್ಜಿ ಊರು ನಂದಿ ಬೆಟ್ಟದ ಬುಡದಲ್ಲಿದೆ. ಊರಾಚೆ, ದ್ರಾಕ್ಷಿ ತೋಟಗಳ ಮಧ್ಯೆ, ನೀಲಗಿರಿ ತೋಪಿನ ಪಕ್ಕದಲ್ಲಿ ಒಂದು ಮಣ್ಣಿನ ದಾರಿ ಇತ್ತು. ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್‌ಗೆ 40 ಎಂಎಂ ಟೈರ್ ಹಾಕಿಸಿದ ಮೇಲೆ ಭಾನುವಾರ ಬೆಳಿಗ್ಗೆ ಬಂತೂಂದ್ರೆ ನಾನು ಅಲ್ಲೇ. ಜಲ್ಲಿ ಮೇಲೆ ಟೈರ್ ಉರುಳೋ ಶಬ್ದ, ಹಿಂದೆ ಏಳೋ ಧೂಳು, ಎದುರಿಗೆ ಬೆಟ್ಟ. ಹೋದ ವರ್ಷ ಆ ದಾರಿಗೆ ಟಾರು ಬಿತ್ತು. ನಾನು ಮುಖ ಸಣ್ಣ ಮಾಡ್ಕೊಂಡು ಮನೆಗೆ ಬಂದು, "ಛೇ, ಎಷ್ಟು ಚೆನ್ನಾಗಿತ್ತು ದಾರಿ, ಹಾಳು ಮಾಡಿಬಿಟ್ರು" ಅಂದೆ.

ಅಜ್ಜಿ ಸೊಪ್ಪು ಬಿಡಿಸ್ತಾ ಇದ್ರು. ತಲೆ ಎತ್ತಲಿಲ್ಲ. "ಏನ್ ಮಗ, ರಸ್ತೆ ಆಗಿದ್ದಕ್ಕೆ ಅಳ್ತಾ ಇದ್ದೀಯಾ? ಮಳೆಗಾಲದಲ್ಲಿ ನಿಮ್ಮ ತಾತನ್ನ ಆಸ್ಪತ್ರೆಗೆ ಕರ್ಕೊಂಡು ಹೋಗುವಾಗ ಆಟೋ ಹೂತ್ಕೊಂಡಿದ್ದು ಅದೇ ದಾರೀಲಿ. ನಿಂಗೆ ಧೂಳು ಚೆಂದ. ನಂಗೆ ಕೆಮ್ಮು."

ನನಗೆ ಉತ್ತರ ಹೊಳೀಲಿಲ್ಲ. ಆದ್ರೆ ಅವತ್ತಿಂದ ಒಂದು ಪ್ರಶ್ನೆ ತಲೇಲಿ ಕೂತಿದೆ. ಟಾರು ಹಾಕದೆ ಉಳಿದ ರಸ್ತೆ ಯಾರ ಆಸ್ತಿ, ಯಾರ ಸಾಲ? ನಾನು ಬಿ.ಕಾಂ ಓದಿದವನು, ಹಾಗಾಗಿ ಪ್ರಶ್ನೆ ಬರೋದೇ ಹೀಗೆ. ಈ ಪ್ರಶ್ನೆಗೆ ನೂರಾರು ವರ್ಷಗಳ ಲೆಕ್ಕಪುಸ್ತಕ ಇಟ್ಟುಕೊಂಡಿರೋ ಜಾಗ ಒಂದಿದೆ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಇರುವ ಕಿಯಾಂತಿ ಬೆಟ್ಟಸೀಮೆ. ಇವತ್ತು ಜಗತ್ತಿನ ಗ್ರಾವೆಲ್ ಸೈಕ್ಲಿಸ್ಟ್‌ಗಳು ಕನಸು ಕಾಣೋ ಜಾಗ. ನಾನು ಅಲ್ಲಿಗೆ ಹೋಗಿಲ್ಲ. ಪ್ರತಿ ಮಾರ್ಚ್‌ನಲ್ಲಿ ಅಲ್ಲಿನ ರೇಸನ್ನ ಫೋನ್‌ನಲ್ಲಿ ನೋಡ್ತೀನಿ, ಅಷ್ಟೆ. ಆದ್ರೆ ಆ ದಾರಿಗಳ ಇತಿಹಾಸ ಓದೋಕೆ ವೀಸಾ ಬೇಕಾಗಿಲ್ಲ.

ಕಾಡು, ದ್ರಾಕ್ಷಿ, ಸುಣ್ಣದ ಕಲ್ಲು

ಮೊದಲು ಜಾಗದ ಪರಿಚಯ. ಕಿಯಾಂತಿ ಅಂದ ತಕ್ಷಣ ಕಣ್ಣಿಗೆ ಬರೋದು ವೈನ್ ಬಾಟಲಿ, ಸಾಲು ಸಾಲು ದ್ರಾಕ್ಷಿ ಬಳ್ಳಿ. ನಿಜ ಏನಪ್ಪಾ ಅಂದ್ರೆ ಅಲ್ಲಿ ದ್ರಾಕ್ಷಿಗಿಂತ ಕಾಡೇ ಜಾಸ್ತಿ. 'ಕಿಯಾಂತಿ ಕ್ಲಾಸಿಕೊ' ಅಂತ ಗುರುತಿಸಿರುವ ಪ್ರದೇಶ ಸುಮಾರು 70 ಸಾವಿರ ಹೆಕ್ಟೇರ್. ಅದರಲ್ಲಿ ಮೂರನೇ ಎರಡು ಭಾಗದಷ್ಟು ಕಾಡು. ಓಕ್ ಮರ, ಚೆಸ್ಟ್‌ನಟ್ ಮರ, ಅದರೊಳಗೆ ಕಾಡುಹಂದಿ. ದ್ರಾಕ್ಷಿ ಇರೋದು ಏಳರಲ್ಲಿ ಒಂದು ಪಾಲಿನಷ್ಟು ನೆಲದಲ್ಲಿ ಮಾತ್ರ. ಬೆಟ್ಟಗಳೂ ಎತ್ತರವಲ್ಲ. ಅತಿ ಎತ್ತರದ ಶಿಖರ ಮೊಂತೆ ಸಾನ್ ಮಿಕೆಲೆ 900 ಮೀಟರ್ ಕೂಡ ಮುಟ್ಟಲ್ಲ, ನಮ್ಮ ನಂದಿ ಬೆಟ್ಟ 1478 ಮೀಟರ್. ಆದ್ರೆ ಅಲ್ಲಿ ಸಮತಟ್ಟು ಅನ್ನೋದೇ ಇಲ್ಲ. ಏರು, ಇಳಿ, ಮತ್ತೆ ಏರು. ದಿನವಿಡೀ ಸೈಕಲ್ ತುಳಿದ್ರೆ ಒಂದು ದೊಡ್ಡ ಬೆಟ್ಟ ಹತ್ತಿದಷ್ಟೇ ಕಾಲು ನೋಯುತ್ತೆ.

ಈ ಬೆಟ್ಟಗಳ ಮೈಮೇಲೆ ಓಡಾಡೋ ಟಾರಿಲ್ಲದ ದಾರಿಗಳಿಗೆ ಅಲ್ಲಿನ ಜನ ಕರೆಯೋದು 'ಸ್ತ್ರಾದೆ ಬಿಯಾಂಕೆ'. ಅಂದ್ರೆ ಬಿಳಿ ರಸ್ತೆಗಳು. ಅಲ್ಲಿನ ನೆಲದಲ್ಲಿ ಸಿಗೋದು ಸುಣ್ಣದಂಶದ ತಿಳಿ ಬಣ್ಣದ ಕಲ್ಲು. ಅದನ್ನೇ ಒಡೆದು ಜಲ್ಲಿ ಮಾಡಿ ದಾರಿಗೆ ಹಾಸ್ತಿದ್ರು. ಗಾಡಿ ಚಕ್ರ ಉರುಳಿ ಉರುಳಿ ಕಲ್ಲು ಪುಡಿಯಾಗಿ, ಒಣಗಿದಾಗ ಬಿಳಿ ಧೂಳು, ಮಳೆ ಬಂದಾಗ ಬಿಳಿ ಕೆಸರು. ಟಾರು ಬರೋಕೆ ಮುಂಚೆ ಜಗತ್ತಿನ ಒಳ್ಳೆ ರಸ್ತೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ಇದ್ವು. 'ಗ್ರಾವೆಲ್ ಬೈಕ್' ಅನ್ನೋ ಹೆಸರು ಹೊಸದು. ದಪ್ಪ ಟೈರ್, ಬಾಗಿದ ಹ್ಯಾಂಡಲ್, ಜಲ್ಲಿ ದಾರಿ. ಹಳೆ ಕಾಲದ ಸೈಕಲ್ ಸವಾರನಿಗೆ ಇದನ್ನ ತೋರಿಸಿದ್ರೆ, ಇದ್ರಲ್ಲಿ ವಿಶೇಷ ಏನಿದೆ, ನಾವು ದಿನಾ ಓಡಿಸ್ತಿದ್ದಿದ್ದೇ ಇಂಥ ದಾರೀಲಿ ಅಂತಾನೆ.

ಕೋಳಿ ಕೂಗಿ ಬರೆದ ಗಡಿ

ಕಿಯಾಂತಿ ವೈನ್ ಬಾಟಲಿಯ ಕತ್ತಿನ ಮೇಲೆ ಒಂದು ಕಪ್ಪು ಹುಂಜದ ಚಿತ್ರ ಇರುತ್ತೆ. ಅದರ ಹಿಂದೆ ಒಂದು ದಂತಕಥೆ ಇದೆ. ದಂತಕಥೆ ಅಂತಾನೇ ಕೇಳಿ.

ಮಧ್ಯಯುಗದಲ್ಲಿ ಫ್ಲಾರೆನ್ಸ್ ಮತ್ತು ಸಿಯೆನಾ ಎರಡೂ ಪರಸ್ಪರ ಕಾದಾಡೋ ಗಣರಾಜ್ಯಗಳು. ಜಗಳ ಮಧ್ಯದ ಬೆಟ್ಟಗಳಿಗಾಗಿ. ಕೊನೆಗೆ ಒಂದು ಒಪ್ಪಂದ ಆಯ್ತಂತೆ. ಬೆಳಿಗ್ಗೆ ಕೋಳಿ ಕೂಗಿದ ತಕ್ಷಣ ಎರಡೂ ಊರಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು. ಇಬ್ಬರೂ ಎಲ್ಲಿ ಎದುರಾಗ್ತಾರೋ ಅದೇ ಗಡಿ. ಸಿಯೆನಾದವರು ಒಂದು ಬಿಳಿ ಹುಂಜ ತಂದು ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸ್‌ನವರು ಒಂದು ಕಪ್ಪು ಹುಂಜವನ್ನ ಉಪವಾಸ ಕೆಡವಿದರು. ಹೊಟ್ಟೆ ತುಂಬಿದ ಹುಂಜ ಬೆಳಗಾದ ಮೇಲೆ ಎದ್ದಿತು. ಹಸಿದ ಹುಂಜ ಕತ್ತಲಲ್ಲೇ ಕೂಗಿತು. ಫ್ಲಾರೆನ್ಸ್ ಸವಾರ ಅಷ್ಟು ದೂರ ಓಡಿಬಂದ ಮೇಲೆ, ಸಿಯೆನಾಕ್ಕೆ ಹತ್ತಿರದ ಫೊಂತೆರುತೊಲಿ ಅನ್ನೋ ಹಳ್ಳಿ ಬಳಿ ಇಬ್ಬರೂ ಭೇಟಿಯಾದರು. ಕಿಯಾಂತಿಯ ಹೆಚ್ಚು ಭಾಗ ಫ್ಲಾರೆನ್ಸ್ ಪಾಲಾಯ್ತು.

ಕಥೆ ನಿಜವೋ ಸುಳ್ಳೋ, ಆ ದಾರಿಯ ಮೊದಲ ರೇಸ್ ಇದೇ. ಗೆದ್ದದ್ದು ಹಸಿದವನು. ಆದ್ರೆ ಹಸಿದದ್ದು ಕೋಳಿ, ಲಾಭ ಆಗಿದ್ದು ಯಜಮಾನನಿಗೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ದಾಖಲೆ ಇರೋ ಇತಿಹಾಸಕ್ಕೆ ಬಂದ್ರೆ 1716ರಲ್ಲಿ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೇ ಕೊಸಿಮೊ ದೆ ಮೆದಿಚಿ ಒಂದು ಆಜ್ಞೆ ಹೊರಡಿಸಿದ. ಕಿಯಾಂತಿ ಅನ್ನೋ ಹೆಸರಲ್ಲಿ ವೈನ್ ಮಾರಬೇಕಾದ್ರೆ ಅದು ಯಾವ ಯಾವ ಗಡಿಯೊಳಗೆ ಬೆಳೆದಿರಬೇಕು ಅಂತ ಅದರಲ್ಲಿ ಬರೆದಿತ್ತು. ಕಾನೂನಿನ ಮೂಲಕ ವೈನ್‌ಗೆ ಊರಿನ ಗಡಿ ಹಾಕಿದ ಜಗತ್ತಿನ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಈಗ ನಾವು ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ ಟ್ಯಾಗ್ ಸಿಕ್ತು ಅಂತೀವಲ್ಲ, ಆ ಯೋಚನೆಯ ಹಳೇ ಅಜ್ಜ ಇದು. 1924ರಲ್ಲಿ 33 ಜನ ಬೆಳೆಗಾರರು ಸೇರಿ ಒಂದು ಸಂಘ ಕಟ್ಟಿದರು. ಅದರ ಲಾಂಛನ ಆ ಕಪ್ಪು ಹುಂಜ.

ಅರ್ಧ ನಿನ್ನದು, ಅರ್ಧ ನನ್ನದು

ಈಗ ನಿಜವಾದ ಲೆಕ್ಕಕ್ಕೆ ಬರೋಣ. ಬಿ.ಕಾಂ ಮಾಡಿದವರಿಗೆ ಲೂಕಾ ಪಾಚೊಲಿ ಹೆಸರು ಗೊತ್ತಿರುತ್ತೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವನ ಗಣಿತದ ಪುಸ್ತಕದಲ್ಲಿ ಜಮಾ-ಖರ್ಚಿನ ಎರಡು ಬದಿಯ ಲೆಕ್ಕಪದ್ಧತಿಯನ್ನ ವಿವರಿಸಿದ್ದ. ಡೆಬಿಟ್, ಕ್ರೆಡಿಟ್. ಅವನೂ ಟಸ್ಕನಿಯವನೇ, ಸಾನ್‌ಸೆಪೊಲ್ಕ್ರೊ ಊರಿನವನು. ಅವನೇ ಕಂಡುಹಿಡಿದಿದ್ದಲ್ಲ, ಇಟಲಿಯ ವ್ಯಾಪಾರಿಗಳು ಮೊದಲಿಂದ ಬಳಸ್ತಿದ್ದಿದ್ದನ್ನ ಬರೆದಿಟ್ಟ. ನಗರದ ವ್ಯಾಪಾರಿಗಳು ದುಡ್ಡು ಮಾಡಿದ ಮೇಲೆ ಏನು ಮಾಡಿದ್ರು? ಹಳ್ಳಿ ಕಡೆ ಜಮೀನು ತಗೊಂಡ್ರು. ಅದನ್ನ ಉಳೋಕೆ 'ಮೆಝಾದ್ರಿಯಾ' ಅನ್ನೋ ಪದ್ಧತಿ ಹರಡಿತು.

ಮೆಝಾದ್ರಿಯಾ ಅಂದ್ರೆ ಅರ್ಧ-ಪಾಲು. ಜಮೀನು, ಮನೆ ಯಜಮಾನನದ್ದು. ದುಡಿಮೆ ರೈತ ಕುಟುಂಬದ್ದು. ಬೆಳೆದಿದ್ದರಲ್ಲಿ ಅರ್ಧ ಅರ್ಧ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 'ವಾರಕ್ಕೆ ಮಾಡೋದು', 'ಕೋರು' ಅಂತ ನಮ್ಮಲ್ಲೂ ಇತ್ತಲ್ಲ, ಅದೇ. ನಮ್ಮ ತಾತನೂ ವಾರಕ್ಕೆ ಮಾಡಿದವರೇ.

ಕೇಳೋಕೆ ನ್ಯಾಯವಾಗೇ ಇದೆ, ಫಿಫ್ಟಿ-ಫಿಫ್ಟಿ. ಆದ್ರೆ ಲೆಕ್ಕ ಬರೆಯೋರು ಯಾರು? ಯಜಮಾನನ ಕಡೆಯ ಮೇಲ್ವಿಚಾರಕ. ಅವನನ್ನ 'ಫಾತ್ತೋರೆ' ಅಂತಿದ್ರು. ಬಿತ್ತನೆ ಬೀಜ, ಎತ್ತು, ಕಷ್ಟಕಾಲಕ್ಕೆ ಕೊಟ್ಟ ಧಾನ್ಯ ಎಲ್ಲ ಅವನ ಪುಸ್ತಕದಲ್ಲಿ ರೈತನ ಹೆಸರಿನ ಕೆಳಗೆ ಸಾಲವಾಗಿ ಕೂರ್ತಿತ್ತು. ಬೆಳೆ ಕೈಕೊಟ್ಟ ವರ್ಷ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತೆ. ಓದೋಕೆ ಬರದ ರೈತನಿಗೆ ಆ ಪುಟದಲ್ಲಿ ಏನಿದೆ ಅಂತ ನೋಡಿದ್ರೂ ಗೊತ್ತಾಗಲ್ಲ. ಅದರ ಮೇಲೆ ಹಬ್ಬಕ್ಕೆ ಯಜಮಾನನ ಮನೆಗೆ ಕೋಳಿ, ಮೊಟ್ಟೆ ಕೊಡಬೇಕು. ಮನೆಯಲ್ಲಿ ಮದುವೆ ಮಾಡೋಕೂ ಯಜಮಾನನ ಒಪ್ಪಿಗೆ ಬೇಕು ಅಂತ ಬರೆದ ಕರಾರುಗಳಿದ್ದವು. ದುಡಿಯೋ ಕೈ ಎಷ್ಟು, ತಿನ್ನೋ ಬಾಯಿ ಎಷ್ಟು ಅನ್ನೋ ಲೆಕ್ಕ ಯಜಮಾನನಿಗೆ ಮುಖ್ಯ.

ಬಿಳಿ ದಾರಿಗಳಿಗೂ ಇದಕ್ಕೂ ಏನು ಸಂಬಂಧ? ಅವು ಹೀಗೆ ಹರಡಿಕೊಂಡಿರೋದಕ್ಕೆ ಇದೇ ಕಾರಣ. ನಮ್ಮಲ್ಲಿ ಮನೆಗಳೆಲ್ಲ ಊರೊಳಗೆ, ಹೊಲ ಊರಾಚೆ. ಅಲ್ಲಿ ಪ್ರತಿ ರೈತ ಕುಟುಂಬ ತಾನು ಉಳೋ ಹೊಲದ ಮಧ್ಯೆ ಒಂಟಿ ಕಲ್ಲಿನ ಮನೆಯಲ್ಲಿ ಇರ್ತಿತ್ತು. ಬೆಟ್ಟಕ್ಕೊಂದು ಮನೆ. ಆ ಮನೆಯಿಂದ ಯಜಮಾನನ ಕಣಜಕ್ಕೆ, ದ್ರಾಕ್ಷಿ ಹಿಂಡೋ ಜಾಗಕ್ಕೆ, ಚರ್ಚಿಗೆ, ಗಿರಣಿಗೆ ಎತ್ತಿನ ಗಾಡಿ ಹೋಗೋ ದಾರಿ ಬೇಕು. ಹೀಗೆ ಬೆಟ್ಟದ ಮೇಲೆಲ್ಲ ಜೇಡರ ಬಲೆ ಥರ ದಾರಿ ಹಬ್ಬಿತು. ಇವತ್ತು ಸೈಕ್ಲಿಸ್ಟ್‌ಗಳು 'ಆಹಾ ಎಂಥ ತಿರುವು' ಅಂತ ಫೋಟೋ ಹಾಕ್ತಾರಲ್ಲ, ಆ ತಿರುವು ಇರೋದು ಅಲ್ಲೊಂದು ರೈತನ ಮನೆ ಇತ್ತು ಅನ್ನೋ ಕಾರಣಕ್ಕೆ. ಅರ್ಧ ಪಾಲು ಯಜಮಾನನ ಮನೆ ಸೇರಿದ ದಾರಿ ಅದು.

ಆ ಯಜಮಾನರಲ್ಲಿ ಹೆಸರುವಾಸಿಯಾದವರು ಬೆತ್ತೀನೊ ರಿಕಾಸೊಲಿ. ಬ್ರೋಲಿಯೊ ಕೋಟೆಯ ಒಡೆಯ, 'ಉಕ್ಕಿನ ಬ್ಯಾರನ್' ಅಂತ ಅಡ್ಡಹೆಸರು. 1861ರಲ್ಲಿ ಕವೂರ್ ತೀರಿಕೊಂಡ ಮೇಲೆ ಒಗ್ಗೂಡಿದ ಇಟಲಿಯ ಎರಡನೇ ಪ್ರಧಾನಿಯಾದವರು. ರಾಜಕೀಯ ಬಿಟ್ಟು ತಮ್ಮ ಕೋಟೆಯಲ್ಲಿ ವರ್ಷಾನುಗಟ್ಟಲೆ ದ್ರಾಕ್ಷಿ ತಳಿಗಳನ್ನ ಬೆರೆಸಿ ಬೆರೆಸಿ ನೋಡಿ, 1872ರಲ್ಲಿ ಪೀಸಾ ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರಿಗೆ ಪತ್ರ ಬರೆದರು. ಪರಿಮಳಕ್ಕೆ, ಗತ್ತಿಗೆ ಸಾಂಜೊವೇಜೆ ದ್ರಾಕ್ಷಿ. ಅದರ ಒರಟುತನ ತಗ್ಗಿಸೋಕೆ ಕನಾಯೊಲೊ. ಬೇಗ ಕುಡಿಯೋ ವೈನ್ ಆದ್ರೆ ಸ್ವಲ್ಪ ಮಾಲ್ವಸಿಯಾ. ಕಿಯಾಂತಿ ವೈನ್‌ಗೆ ಅಡಿಪಾಯ ಆ ಪತ್ರ. ಪತ್ರ ಬರೆದವರ ಹೆಸರು ಎಲ್ರಿಗೂ ಗೊತ್ತು. ಆ ದ್ರಾಕ್ಷಿ ಕಿತ್ತು, ಗಾಡಿಗೆ ತುಂಬಿ, ಬಿಳಿ ದಾರಿಯಲ್ಲಿ ಎಳೆದು ತಂದವರ ಹೆಸರು ಇರೋದು ಫಾತ್ತೋರೆಯ ಪುಸ್ತಕದಲ್ಲಿ, ಬಾಕಿ ಕಾಲಂನಲ್ಲಿ.

ಸೈಕಲ್ ಬಂತು

ಈಗ ಇದೇ ದಾರಿಗೆ ಸೈಕಲ್ ಬರುತ್ತೆ. 1870ರ ಫೆಬ್ರವರಿ 2. ಆಗ ಫ್ಲಾರೆನ್ಸ್ ಇಟಲಿಯ ರಾಜಧಾನಿ. ಅಲ್ಲಿಂದ ಪಿಸ್ತೋಯಾ ಊರಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಸೈಕಲ್ ರೇಸ್ ಆಯ್ತು. ಇಟಲಿಯ ಮೊದಲ ರಸ್ತೆ ರೇಸ್ ಅದು. ಗೆದ್ದವನು ಒಬ್ಬ ಅಮೆರಿಕನ್ ಹುಡುಗ. ಗಾಳಿ ತುಂಬೋ ಟೈರ್ ಆಗಿನ್ನೂ ಇರಲಿಲ್ಲ, ಡನ್‌ಲಪ್ ಅದನ್ನ ತಂದಿದ್ದು 1888ರಲ್ಲಿ. ಜಲ್ಲಿ ಮೇಲೆ ಗಟ್ಟಿ ಚಕ್ರ. ಮೂಳೆ ಎಲ್ಲ ಅಲ್ಲಾಡಿ ಹೋಗಿರಬೇಕು.

1909ರಲ್ಲಿ 'ಜೀರೊ ದಿತಾಲಿಯಾ' ಶುರುವಾಯ್ತು, ಇಡೀ ಇಟಲಿ ಸುತ್ತೋ ರೇಸ್. 127 ಜನ ಹೊರಟರು, ಮುಗಿಸಿದವರು 49. ಗೆದ್ದವನು ಲುಯಿಜಿ ಗನ್ನಾ, ವೃತ್ತಿಯಲ್ಲಿ ಗಾರೆ ಕೆಲಸದವನು. ಗೆದ್ದ ಮೇಲೆ ಹೇಗನ್ನಿಸ್ತಿದೆ ಅಂತ ಕೇಳಿದ್ದಕ್ಕೆ ಅವನು ಕೂರೋ ಜಾಗ ಉರೀತಿದೆ ಅಂದನಂತೆ. ನಾಲ್ಕು ಗಂಟೆ ಗ್ರಾವೆಲ್ ಓಡಿಸಿದ ಯಾರೇ ಆದ್ರೂ ಈ ಮಾತನ್ನ ಒಪ್ತಾರೆ. ಗಾರೆಯವರು, ಕೂಲಿಯವರ ಮಕ್ಕಳು, ರೈತರ ಮಕ್ಕಳು. ಆ ಕಾಲದ ಇಟಲಿಯ ಚಾಂಪಿಯನ್‌ಗಳು ಬಂದಿದ್ದು ಬಹುತೇಕ ಇಂಥ ಮನೆಗಳಿಂದಲೇ. ಕುದುರೆ ಸಾಕೋಕೆ ಆಗದವನಿಗೆ ಸೈಕಲ್ ಸಿಕ್ಕಿತು, ಅದರ ಜೊತೆ ಊರು ಬಿಟ್ಟು ದೂರ ಹೋಗೋ ಸ್ವಾತಂತ್ರ್ಯ ಸಿಕ್ಕಿತು.

ಅವರಲ್ಲೊಬ್ಬ ಜೀನೊ ಬಾರ್ತಲಿ. 1914ರಲ್ಲಿ ಫ್ಲಾರೆನ್ಸ್ ಪಕ್ಕದ ಪೊಂತೆ ಆ ಏಮಾ ಅನ್ನೋ ಹಳ್ಳಿಯಲ್ಲಿ, ಬಡ ಕೂಲಿಯವನ ಮಗನಾಗಿ ಹುಟ್ಟಿದ. 1938ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ. ಮತ್ತೆ 1948ರಲ್ಲಿ ಗೆದ್ದ. ನಡುವಿನ 10 ವರ್ಷ ಯುದ್ಧ ತಿಂದುಹಾಕಿತು. ಆ ವರ್ಷಗಳಲ್ಲಿ ಅವನು ಏನು ಮಾಡಿದ ಅನ್ನೋದೇ ಇವತ್ತು ಅವನ ದೊಡ್ಡ ಹೆಸರು.

1943ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೇನೆ ಇಟಲಿಯನ್ನ ಆಕ್ರಮಿಸಿದ ಮೇಲೆ ಅಲ್ಲಿನ ಯಹೂದಿಗಳನ್ನ ಹಿಡಿದು ಸಾಗಿಸೋಕೆ ಶುರು ಮಾಡಿದರು. ಫ್ಲಾರೆನ್ಸ್‌ನ ಆರ್ಚ್‌ಬಿಷಪ್ ಎಲಿಯಾ ದಾಲ್ಲ ಕೊಸ್ತ ಅವರ ಆಶ್ರಯದಲ್ಲಿ ಒಂದು ರಹಸ್ಯ ಜಾಲ ಕೆಲಸ ಮಾಡ್ತಿತ್ತು. ಬಾರ್ತಲಿ ಅದಕ್ಕೆ ಸೇರಿಕೊಂಡ. ರೇಸ್‌ಗೆ ಪ್ರಾಕ್ಟೀಸ್ ಮಾಡ್ತಿದ್ದೀನಿ ಅನ್ನೋ ನೆಪದಲ್ಲಿ ಸೈಕಲ್ ಚೌಕಟ್ಟಿನ ಕೊಳವೆಯೊಳಗೆ ನಕಲಿ ಗುರುತಿನ ಪತ್ರಗಳನ್ನ ಸುರುಳಿ ಸುತ್ತಿಟ್ಟು ಫ್ಲಾರೆನ್ಸ್, ಅಸ್ಸೀಸಿ ಊರುಗಳ ನಡುವೆ ಓಡಾಡಿದ. ಒಂದು ಯಹೂದಿ ಕುಟುಂಬವನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಎಷ್ಟು ಸಲ ಹೋದ, ಎಷ್ಟು ಜನ ಉಳಿದರು ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ವಾದ ಇದೆ. ಅವನು ಮಾತ್ರ ಬದುಕಿರೋವರೆಗೂ ಅದನ್ನ ಹೇಳಿಕೊಂಡು ತಿರುಗಲಿಲ್ಲ. 2000ದಲ್ಲಿ ತೀರಿಕೊಂಡ. 2013ರಲ್ಲಿ ಇಸ್ರೇಲ್‌ನ ಯಾದ್ ವಾಶೆಮ್ ಸಂಸ್ಥೆ, ಯಹೂದಿಗಳನ್ನ ಕಾಪಾಡಿದ ಇತರ ಧರ್ಮದವರಿಗೆ ಕೊಡೋ ಗೌರವವನ್ನ ಅವನಿಗೆ ಕೊಟ್ಟಿತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಇವತ್ತಿನ ಗ್ರಾವೆಲ್ ಜಾಹೀರಾತುಗಳಲ್ಲಿ 'ಸಾಹಸ' ಅನ್ನೋ ಪದ ತುಂಬಾ ಬರುತ್ತೆ. ಇದೇ ಸೀಮೆಯ ಒಬ್ಬ ಸೈಕಲ್ ಸವಾರನಿಗೆ ಸಿಕ್ಕಿಬಿದ್ರೆ ಆಗಬಹುದಾಗಿದ್ದ ಶಿಕ್ಷೆ ಮರಣ.

ಮನೆ ಖಾಲಿ, ದಾರಿ ಬಾಕಿ

ಯುದ್ಧ ಮುಗೀತು. ಪಾಲುಗಾರ ರೈತರು ತಿರುಗಿಬಿದ್ದರು. ಹೋರಾಟ ಆಯ್ತು, ಮುಷ್ಕರ ಆಯ್ತು. ಪ್ರಧಾನಿ ದೆ ಗಾಸ್ಪೆರಿ ಮಧ್ಯಸ್ಥಿಕೆಯಲ್ಲಿ ರೈತನ ಪಾಲು 50ರಿಂದ 53 ಪರ್ಸೆಂಟ್ ಆಯ್ತು. ನೂರಾರು ವರ್ಷ ಕಾದ ಮೇಲೆ 3 ಪರ್ಸೆಂಟ್! 1964ರ ಕಾನೂನು ಅದನ್ನ 58 ಮಾಡಿತು, ಹೊಸದಾಗಿ ಮೆಝಾದ್ರಿಯಾ ಕರಾರು ಬರೆಯೋದನ್ನೇ ನಿಷೇಧಿಸಿತು. 1982ರ ಇನ್ನೊಂದು ಕಾನೂನು ಉಳಿದಿದ್ದನ್ನ ಗೇಣಿಯಾಗಿ ಬದಲಾಯಿಸೋಕೆ ದಾರಿ ಮಾಡಿತು.

ಆದ್ರೆ ಕಾನೂನು ಬರೋವಷ್ಟರಲ್ಲಿ ಜನ ಹೊರಟಾಗಿತ್ತು. 1950, 60ರ ದಶಕದಲ್ಲಿ ಇಟಲಿಯ ಕಾರ್ಖಾನೆಗಳು ಕೈಬೀಸಿ ಕರೀತಿದ್ವು. ತಿಂಗಳ ಸಂಬಳ, ನಲ್ಲಿ ನೀರು, ಕರೆಂಟು. ಯಜಮಾನನನ್ನ ಕೇಳದೆ ಮದುವೆ ಆಗಬಹುದು. ಕೆಲವರು ಸಾಲ ಮಾಡಿ ಭೂಮಿ ಕೊಂಡರು. ತುಂಬಾ ಜನ ಬಾಗಿಲು ಎಳೆದುಕೊಂಡು ಹೋದರು. ಬೆಟ್ಟದ ಮೇಲಿನ ಕಲ್ಲಿನ ಮನೆಗಳು ಸಾಲಾಗಿ ಖಾಲಿ ಬಿದ್ದವು.

ಇಲ್ಲಿ ನಮ್ಮ ಕಥೆ ಬೇರೆ ದಾರಿ ಹಿಡೀತು. ಕರ್ನಾಟಕದಲ್ಲಿ 1974ರಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಉಳುವವನೇ ಹೊಲದೊಡೆಯ ಕಾನೂನು ಜಾರಿಗೆ ಬಂತು. ನಮ್ಮ ತಾತ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಒಂದೂವರೆ ಎಕರೆ ಅವರ ಹೆಸರಿಗೆ ಆಯ್ತು. ಹಾಗಾಗಿ ಅವರು ಊರಲ್ಲೇ ಉಳಿದರು. ನಮ್ಮಜ್ಜಿ ಇವತ್ತಿಗೂ ಅಲ್ಲಿರೋದು ಅದರಿಂದಲೇ.

ಕಿಯಾಂತಿಯಲ್ಲಿ ಜನ ಹೋದ ಮೇಲೆ ದಾರಿಗಳ ಗತಿ ಏನಾಯ್ತು? ಇಟಲಿ ಪೂರ್ತಿ ಹೆದ್ದಾರಿ ಕಟ್ಟುತ್ತಿದ್ದ ಕಾಲ ಅದು. ಮುಖ್ಯ ರಸ್ತೆಗಳಿಗೆ ಡಾಂಬರು ಬಂತು. ಆದ್ರೆ ಯಾರೂ ವಾಸ ಇಲ್ಲದ ಮನೆಗೆ ಹೋಗೋ ದಾರಿಗೆ ಟಾರು ಯಾಕೆ ಹಾಕ್ತಾರೆ? ಆ ಬಿಳಿ ದಾರಿಗಳನ್ನ ಉಳಿಸಬೇಕು ಅಂತ ಅವತ್ತು ಯಾರೂ ಉಳಿಸಿದ್ದಲ್ಲ. ಅವನ್ನ ಕೇಳೋರು ಇರಲಿಲ್ಲ, ಅಷ್ಟೆ.

ಆಮೇಲೆ ಹೊರಗಿನವರು ಬಂದರು. ಇಂಗ್ಲಿಷರು, ಜರ್ಮನ್ನರು, ಮಿಲಾನ್‌ನ ಶ್ರೀಮಂತರು. ಪಾಳು ಮನೆಗಳನ್ನ ಕೊಂಡು ರಿಪೇರಿ ಮಾಡಿಸಿದರು. ಇಂಗ್ಲಿಷರು ಎಷ್ಟು ಬಂದ್ರು ಅಂದ್ರೆ ಆ ಪ್ರದೇಶಕ್ಕೆ ತಮಾಷೆಯಾಗಿ 'ಕಿಯಾಂತಿಶೈರ್' ಅಂತ ಹೆಸರು ಬಿತ್ತು. 1985ರಲ್ಲಿ ಕೃಷಿ ಪ್ರವಾಸೋದ್ಯಮದ ಕಾನೂನು ಬಂದ ಮೇಲೆ ತೋಟದ ಮನೆಗಳು ಹೋಂಸ್ಟೇ ಆದವು. ವೈನ್ ಕೂಡ ಬದಲಾಯ್ತು. ಮೊದಲು ಒಂದೇ ಹೊಲದಲ್ಲಿ ಗೋಧಿ, ಆಲಿವ್, ಮರಕ್ಕೆ ಹಬ್ಬಿಸಿದ ದ್ರಾಕ್ಷಿ ಎಲ್ಲ ಇರ್ತಿತ್ತು, ಕುಟುಂಬ ತಿನ್ನಬೇಕಲ್ಲ. ಈಗ ಬರೀ ದ್ರಾಕ್ಷಿಯ ಸಾಲು. 1984ರಲ್ಲಿ ಕಿಯಾಂತಿಗೆ ಇಟಲಿಯ ಅತ್ಯುನ್ನತ ವೈನ್ ದರ್ಜೆ ಸಿಕ್ಕಿತು. ನಾವು 'ಪ್ರಕೃತಿ' ಅಂತ ಫೋಟೋದಲ್ಲಿ ನೋಡೋ ಆ ಸಾಲುಗಳ ವಯಸ್ಸು ನಮ್ಮಪ್ಪನ ವಯಸ್ಸಿಗಿಂತ ಜಾಸ್ತಿ ಇಲ್ಲ.

92 ಜನ

ಊರು ಚೇತರಿಸಿಕೊಂಡ ಮೇಲೆ ಟಾರು ಹಾಕೋ ಮಾತೂ ಮತ್ತೆ ಬಂತು. ಆಗ ಎದ್ದುನಿಂತವರು ಜಾನ್‌ಕಾರ್ಲೊ ಬ್ರೊಚ್ಚಿ. ಗಾಯೋಲೆ ಇನ್ ಕಿಯಾಂತಿ ಅನ್ನೋ ಪುಟ್ಟ ಊರಿನವರು, ಹಳೆ ಸೈಕ್ಲಿಂಗ್ ಅಂದ್ರೆ ಪ್ರಾಣ. ಬಿಳಿ ದಾರಿ ಉಳಿಸಬೇಕು ಅಂದ್ರೆ ಭಾಷಣ ಸಾಲದು, ಆ ದಾರಿಗೆ ಒಂದು ಕೆಲಸ ಕೊಡಬೇಕು. ಆ ಕೆಲಸ ಸೈಕಲ್ಲಿನದು. 1997ರ ಶರತ್ಕಾಲದಲ್ಲಿ 'ಲೆರೊಯಿಕಾ' ಶುರು ಮಾಡಿದರು. ಹೆಸರಿನ ಅರ್ಥ ವೀರೋಚಿತ. ಮೊದಲ ವರ್ಷ ಬಂದವರು 92 ಜನ.

ನಿಯಮ ಮಜವಾಗಿದೆ. ಸೈಕಲ್ 1987ಕ್ಕಿಂತ ಹಳೆಯದಾಗಿರಬೇಕು. ಗೇರ್ ಲಿವರ್ ಚೌಕಟ್ಟಿನ ಕೆಳ ಕೊಳವೆಯ ಮೇಲೇ ಇರಬೇಕು. ಪೆಡಲ್‌ಗೆ ಪಟ್ಟಿ ಕಟ್ಟೋದು. ಬ್ರೇಕ್ ವೈರ್ ಹ್ಯಾಂಡಲ್ ಹೊರಗೆ ಕಾಣಬೇಕು. ಮೈಮೇಲೆ ಉಣ್ಣೆ ಜರ್ಸಿ. ಉದ್ದದ ದಾರಿ 200 ಕಿಲೋಮೀಟರ್ ದಾಟುತ್ತೆ, ಕತ್ತಲಲ್ಲೇ ಹೊರಡಬೇಕು. ರಿಕಾಸೊಲಿಯ ಬ್ರೋಲಿಯೊ ಕೋಟೆಗೆ ಹತ್ತೋ ಬಿಳಿ ದಾರಿಯ ಪಕ್ಕದಲ್ಲಿ ದೀಪ ಹಚ್ಚಿಟ್ಟಿರ್ತಾರೆ. ದಾರಿ ಮಧ್ಯೆ ಊಟಕ್ಕೆ ಎನರ್ಜಿ ಜೆಲ್ ಇಲ್ಲ. ರಿಬೊಲ್ಲೀತ ಅನ್ನೋ ಸೊಪ್ಪು, ಬೀನ್ಸ್, ಹಳೇ ಬ್ರೆಡ್ ಹಾಕಿ ಕುದಿಸಿದ ಸಾರು. ಉಳಿದ ಬ್ರೆಡ್ ಬಿಸಾಕೋಕೆ ಮನಸ್ಸಿಲ್ಲದ ಬಡವರ ಮನೆಯ ಅಡುಗೆ ಅದು, ನಮ್ಮ ತಂಗಳನ್ನದ ಚಿತ್ರಾನ್ನ ಇದ್ದಂಗೆ. ಜೊತೆಗೆ ಒಂದು ಲೋಟ ಕಿಯಾಂತಿ.

92 ಜನರಿಂದ ಶುರುವಾದದ್ದು ಸಾವಿರಾರು ಜನಕ್ಕೆ ಬೆಳೀತು. 2007ರಲ್ಲಿ ಅದರ ಹೊಟ್ಟೆಯಿಂದಲೇ ವೃತ್ತಿಪರರ ರೇಸ್ ಹುಟ್ಟಿತು, ಅದೇ ಇವತ್ತಿನ 'ಸ್ತ್ರಾದೆ ಬಿಯಾಂಕೆ'. ಮೊದಲ ವರ್ಷ ಗೆದ್ದವನು ರಷ್ಯಾದ ಅಲೆಕ್ಸಾಂಡರ್ ಕೊಲೊಬ್ನೆವ್. ಮುಗಿಯೋದು ಸಿಯೆನಾದ ಪಿಯಾತ್ಸ ದೆಲ್ ಕಾಂಪೊ ಚೌಕದಲ್ಲಿ, ಅದಕ್ಕೂ ಮುಂಚೆ ಕಲ್ಲು ಹಾಸಿದ ಓಣಿಯಲ್ಲಿ ಎದೆ ಒಡೆಯೋ ಏರು. 2010ರ ಜೀರೊದಲ್ಲಿ ಮಳೆ ಸುರಿದು ಇದೇ ಸಿಯೆನಾ ಸೀಮೆಯ ಬಿಳಿ ದಾರಿಗಳು ಕೆಸರಾದವು. ಮೊಂತಾಲ್ಚೀನೊ ಊರಿಗೆ ಗೆದ್ದು ಬಂದ ಕೇಡಲ್ ಇವಾನ್ಸ್ ಮೈಮೇಲಿನ ವಿಶ್ವ ಚಾಂಪಿಯನ್ ಜರ್ಸಿಯ ಬಣ್ಣವೇ ಕಾಣ್ತಿರಲಿಲ್ಲ. 2015ರಿಂದ ಮಹಿಳೆಯರ ರೇಸ್ ಕೂಡ ನಡೀತಿದೆ. ಮೂರು ಸಲ ಗೆದ್ದ ಫಾಬಿಯನ್ ಕ್ಯಾನ್ಸೆಲಾರಾ ಹೆಸರಲ್ಲಿ ಒಂದು ಜಲ್ಲಿ ದಾರಿಯೇ ಇದೆ. ತಾದೆಯ್ ಪೊಗಾಚಾರ್ 2022, 2024, 2025ರಲ್ಲಿ ಗೆದ್ದ. 2025ರಲ್ಲಂತೂ ಬಿದ್ದು ಮೈಕೈ ಕೆತ್ತಿಸಿಕೊಂಡು ಎದ್ದು ಗೆದ್ದ.

ಆಮೇಲೆ 2022ರಲ್ಲಿ ಗ್ರಾವೆಲ್‌ಗೆ ಅಂತಾನೇ ಮೊದಲ ವಿಶ್ವ ಚಾಂಪಿಯನ್‌ಶಿಪ್ ಬಂತು, ಅದೂ ಇಟಲಿಯ ವೆನೆತೊದಲ್ಲಿ. 2023ರಲ್ಲಿ ಅಲ್ಲೇ, ಪ್ರೊಸೆಕ್ಕೊ ವೈನ್‌ನ ಬೆಟ್ಟಗಳಲ್ಲಿ. ಕಾಡಿನಂಚು, ದ್ರಾಕ್ಷಿ ತೋಟ, ಜಲ್ಲಿ ದಾರಿ ಈ ಮೂರೂ ಸೇರಿ ಈಗ ಒಂದು ದೊಡ್ಡ ವ್ಯಾಪಾರ.

ಬ್ಯಾಲೆನ್ಸ್ ಶೀಟ್

ಸರಿ, ಲೆಕ್ಕ ಮುಗಿಸೋಣ. ಕಾಮರ್ಸ್‌ನವನ ಕಣ್ಣಲ್ಲಿ ನೋಡಿದ್ರೆ ಒಂದೇ ರಸ್ತೆ ಎರಡು ಕಾಲಂನಲ್ಲಿ ಕೂತಿದೆ. 1955ರಲ್ಲಿ ಕಿಯಾಂತಿಯ ರೈತ ಹೆಂಗಸಿಗೆ ಆ ಬಿಳಿ ದಾರಿ ಅಂದ್ರೆ ಕೆಸರು, ಡಾಕ್ಟರ್ ಬರದ ರಾತ್ರಿ, ಸ್ಕೂಲಿಗೆ ಮಗು ನಡೆದುಕೊಂಡು ಹೋಗೋ ದೂರ. ಆಕೆಯ ಮೊಮ್ಮಗನಿಗೆ ಅದೇ ದಾರಿ ಹೋಂಸ್ಟೇ ಬುಕಿಂಗ್, ಸೈಕಲ್ ಬಾಡಿಗೆ ಅಂಗಡಿ, ಊರಿಗೆ ಹೆಸರು. ದಾರಿ ಬದಲಾಗಿಲ್ಲ. ಆ ಮನೆಗೆ ಈಗ ಆಯ್ಕೆ ಇದೆ. ಆಸ್ಪತ್ರೆಗೆ ಹೋಗೋಕೆ ಪಕ್ಕದಲ್ಲೇ ಟಾರು ರಸ್ತೆ ಇದ್ದಾಗ ಬಿಳಿ ದಾರಿಯನ್ನ ಬಿಳಿಯಾಗೇ ಇಡೋದು ಸುಲಭ.

ಇನ್ನೊಂದು ಮಾತು. ಜಲ್ಲಿ ದಾರಿ ಸುಮ್ಮನೆ ಬಿಟ್ರೆ ಉಳಿಯಲ್ಲ. ಮಳೆ ಬಂದಾಗ ಕೊರೆದು ಹೋಗುತ್ತೆ. ಪಕ್ಕದ ಚರಂಡಿ ತೆಗೀತಾ ಇರಬೇಕು, ಜಲ್ಲಿ ಹಾಸ್ತಾ ಇರಬೇಕು, ಮಟ್ಟ ಮಾಡ್ತಾ ಇರಬೇಕು. ಹಿಂದೆ ಹೊಲದ ಚರಂಡಿ, ಕಲ್ಲಿನ ತಡೆಗೋಡೆ ಇದನ್ನೆಲ್ಲ ನೋಡಿಕೊಂಡವರು ಅರ್ಧ ಪಾಲಿಗೆ ದುಡಿದ ರೈತರು. ಈಗ ಅದಕ್ಕೆ ದುಡ್ಡು ಬೇಕು. ಲೆರೊಯಿಕಾ ಮಾಡಿದ ದೊಡ್ಡ ಕೆಲಸ ನನ್ನ ಪ್ರಕಾರ ಇದು. ಆ ದಾರಿಯಿಂದ ಊರಿನವರಿಗೆ ಆದಾಯ ಬರೋ ಹಾಗೆ ಮಾಡಿ, ಅದನ್ನ ಖರ್ಚಿನ ಕಾಲಂನಿಂದ ಆಸ್ತಿಯ ಕಾಲಂಗೆ ತಂದಿತು. ಕೇಳಿದವರೂ ಊರಿನವರೇ. ಹೊರಗಿಂದ ಬಂದ ಸೈಕ್ಲಿಸ್ಟ್ ಒಬ್ಬ "ನಿಮ್ಮ ದಾರಿಗೆ ಟಾರು ಹಾಕಬೇಡಿ, ನನ್ನ ಫೋಟೋ ಹಾಳಾಗುತ್ತೆ" ಅಂದಿದ್ದಲ್ಲ.

ಅಂಥ ಸೈಕ್ಲಿಸ್ಟ್ ನಾನೇ ಆಗಿದ್ದೆ, ನಮ್ಮಜ್ಜಿ ಮುಂದೆ.

ಈ ಎಪಿಸೋಡ್ ಬರೆದ ಮೇಲೆ ಅಜ್ಜಿಗೆ ಫೋನ್ ಮಾಡಿ ಆ ಹಸಿದ ಕೋಳಿ ಕಥೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಅಷ್ಟು ದೊಡ್ಡ ಸೀಮೆ ಗೆದ್ದುಕೊಟ್ಟ ಮೇಲಾದ್ರೂ ಆ ಕೋಳಿಗೆ ಒಂದು ಹಿಡಿ ಕಾಳು ಹಾಕಿದ್ರಾ?" ಅಂತ ಕೇಳಿದರು. ಕಥೆಯಲ್ಲಿ ಅದು ಇಲ್ಲ ಅಜ್ಜಿ ಅಂದೆ. "ಹಾಕಿರಲ್ಲ ಬಿಡು" ಅಂದ್ರು.

ಆ ಕೋಳಿ ಇವತ್ತೂ ಬಾಟಲಿ ಮೇಲಿದೆ. ನೀವು ಮುಂದಿನ ಸಲ ಯಾವುದೋ ಬೆಟ್ಟದ ಬುಡದಲ್ಲಿ, ದ್ರಾಕ್ಷಿ ತೋಟದ ಪಕ್ಕ, ಧೂಳಿನ ದಾರಿಯಲ್ಲಿ ಸೈಕಲ್ ಓಡಿಸುವಾಗ ಒಂದು ನಿಮಿಷ ನಿಲ್ಲಿಸಿ. ಆ ದಾರಿಯ ಕೊನೆಯ ಮನೆಯಲ್ಲಿ ಯಾರಿದ್ದಾರೆ ನೋಡಿ, ಸಾಧ್ಯ ಆದ್ರೆ ಮಾತಾಡಿಸಿ. ಈ ರಸ್ತೆ ಹೇಗಿರಬೇಕು ಅಂತ ನಿಮಗನ್ನಿಸುತ್ತೆ ಅಂತ ಕೇಳಿ. ಅವರು ಟಾರು ಬೇಕು ಅಂದ್ರೆ ಬೇಜಾರು ಮಾಡ್ಕೋಬೇಡಿ.

ನಾನು ಮುಂದಿನ ಭಾನುವಾರ ಅಜ್ಜಿ ಊರಿಗೆ ಹೋಗ್ತಿದ್ದೀನಿ. ಹೊಸ ಟಾರು ರಸ್ತೆಯಲ್ಲೇ. ಅಲ್ಲಿವರೆಗೂ ಹುಷಾರಾಗಿ ಓಡಿಸಿ, ಹೆಲ್ಮೆಟ್ ಹಾಕ್ಕೊಳ್ಳಿ. ನಮಸ್ಕಾರ.